ಎಕ್ಸ್‌ಪಿ ಹಾಕುವಾಗ ‘ಹಾರ್ಡ್ ಡಿಸ್ಕ್ ಇಲ್ಲ’ ಎಂದರೆ: ಡಿಸ್ಕ್ ಬಿಸಾಡುವ ಮೊದಲು ಇದನ್ನು ನೋಡಿ

ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಗಣಪತಿ ಚಂದಾ ರಸೀದಿ, ಅಂಗಡಿಗಳ ಬಿಲ್ ಬುಕ್ಕು, ಇಂಥ ಕೆಲಸ. ಡಿಸೈನ್ ಎಲ್ಲ ಆಗುವುದು ವಿಂಡೋಸ್ ಎಕ್ಸ್‌ಪಿ ಇರುವ ಒಂದು ಹಳೇ ಕಂಪ್ಯೂಟರಿನಲ್ಲಿ. ಅದರಲ್ಲಿ ಪೇಜ್‌ಮೇಕರ್ ಇದೆ, ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟುಗಳಿವೆ, ಹಿಂದೆ ಪ್ಯಾರಲಲ್ ಪೋರ್ಟಿಗೆ ಚುಚ್ಚಿದ ಒಂದು ಹಾರ್ಡ್‌ವೇರ್ ಲಾಕ್ (ಅದಿಲ್ಲದೆ ಪ್ರೋಗ್ರಾಂ ನಡೆಯದಂತೆ ಮಾಡುವ ಸಾಧನ) ಇದೆ. ಈ ಮೂರನ್ನೂ ಹೊಸ ವಿಂಡೋಸಿನಲ್ಲಿ ಒಟ್ಟಿಗೆ ನಡೆಸಲು ಆಗಲಿಲ್ಲ. ಅದಕ್ಕೇ ಆ ಯಂತ್ರವನ್ನು ಅವರು ಬಿಟ್ಟಿಲ್ಲ.

ಒಂದು ಬೆಳಿಗ್ಗೆ ಅವರ ಫೋನ್ ಬಂತು. “ಹಾರ್ಡ್ ಡಿಸ್ಕ್ ಹೋಯ್ತಂತೆ ಕಣೋ. ಹೊಸದು ಹಾಕಬೇಕಂತೆ. ಹಳೇ ಫೈಲ್ ಒಂದೂ ಸಿಗಲ್ವಂತೆ.” ಹಿಂದಿನ ದಿನ ಪೂರ್ತಿ ಕರೆಂಟು ಇರಲಿಲ್ಲ. ಬಂದ ಮೇಲೆ ಆನ್ ಮಾಡಿದರೆ ನೀಲಿ ಪರದೆ. ರಿಪೇರಿಗೆ ಬಂದವರು ಎಕ್ಸ್‌ಪಿ ಸಿಡಿ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಲು ನೋಡಿದರು. ‘ಸೆಟಪ್ ಡಿಡ್ ನಾಟ್ ಫೈಂಡ್ ಎನಿ ಹಾರ್ಡ್ ಡಿಸ್ಕ್ ಡ್ರೈವ್ಸ್’ ಎಂದು ಬಂತು. ಸಿಡಿಯೇ ಡಿಸ್ಕ್ ಇಲ್ಲ ಎನ್ನುತ್ತಿದೆ, ಅಂದ ಮೇಲೆ ಡಿಸ್ಕ್ ಸತ್ತಿದೆ ಎಂದು ಹೇಳಿ ಹೋದರು.

ಡಿಸ್ಕ್ ಸತ್ತಿರಲಿಲ್ಲ. ಅದರಲ್ಲಿ ಹನ್ನೆರಡು ವರ್ಷದ ಕೆಲಸ ಹಾಗೇ ಇತ್ತು. ಈ ಒಂದು ಸಂದೇಶವನ್ನು ತಪ್ಪಾಗಿ ಓದಿ ಒಳ್ಳೆಯ ಡಿಸ್ಕ್‌ಗಳನ್ನು ಕಸಕ್ಕೆ ಹಾಕುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಅದಕ್ಕಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಆ ಸಂದೇಶಕ್ಕೆ ಇರುವ ಅರ್ಥ ಒಂದೇ: ‘ನನ್ನ ಬಳಿ ಇರುವ ಡ್ರೈವರ್‌ಗಳಿಂದ ನನಗೆ ಯಾವ ಡಿಸ್ಕೂ ಕಾಣುತ್ತಿಲ್ಲ.’ ಡ್ರೈವರ್ ಎಂದರೆ ಯಂತ್ರದ ಒಂದು ಭಾಗದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಸಣ್ಣ ಪ್ರೋಗ್ರಾಂ. ಡಿಸ್ಕ್ ಹಾಳಾಗಿದೆ ಎಂದು ಅದು ಹೇಳುತ್ತಲೇ ಇಲ್ಲ.

ಮೊದಲು ಫೈಲ್‌ಗಳನ್ನು ಉಳಿಸಿಕೊಳ್ಳಿ

ಒಳಗೆ ಬೇಕಾದ ಫೈಲ್ ಇದ್ದರೆ ಎಕ್ಸ್‌ಪಿ ಸಿಡಿಯನ್ನು ಪಕ್ಕಕ್ಕಿಡಿ. ಫಾರ್ಮ್ಯಾಟ್ ಬೇಡ, ರಿಪೇರಿ ಇನ್‌ಸ್ಟಾಲ್ ಕೂಡ ಬೇಡ. ಒಂದು ಪೆನ್ ಡ್ರೈವ್‌ಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು (ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಸಿಸ್ಟಂಗಳು) ಹಾಕಿ, ಇನ್‌ಸ್ಟಾಲ್ ಮಾಡದೆ ಹಾಗೇ ಲೈವ್ ಆಗಿ, ಅಂದರೆ ಪೆನ್ ಡ್ರೈವ್‌ನಿಂದಲೇ, ಬೂಟ್ ಮಾಡಿ. ಯಂತ್ರ ತೀರಾ ಹಳೆಯದು, ರ್‍ಯಾಮ್ ಕಡಿಮೆ ಎಂದರೆ ಪಪ್ಪಿ ಲಿನಕ್ಸ್ ಸಾಕು.

ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಬೇಗ ಉತ್ತರ ಕೊಡುವುದು ಇನ್ನೊಂದಿಲ್ಲ. ಲಿನಕ್ಸಿನಲ್ಲಿ ಬಹುತೇಕ ಎಲ್ಲ ಡಿಸ್ಕ್ ಕಂಟ್ರೋಲರ್‌ಗಳ (ಬೋರ್ಡಿನಲ್ಲಿ ಡಿಸ್ಕನ್ನು ನಡೆಸುವ ಚಿಪ್) ಡ್ರೈವರ್ ಮೊದಲೇ ಇರುತ್ತದೆ. ಲಿನಕ್ಸ್‌ಗೆ ಡಿಸ್ಕ್ ಕಂಡು, ಫೋಲ್ಡರ್‌ಗಳು ತೆರೆದುಕೊಂಡು, ಎಕ್ಸ್‌ಪಿ ಸಿಡಿಗೆ ಮಾತ್ರ ಕಾಣದಿದ್ದರೆ ತೊಂದರೆ ಡಿಸ್ಕಿನದ್ದಲ್ಲ. ಸಿಡಿಯ ಬಳಿ ಡ್ರೈವರ್ ಇಲ್ಲ, ಅಷ್ಟೇ. ಆಗಲೇ ಬೇಕಾದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಸಮಯ ಇದ್ದರೆ ಕ್ಲೋನ್‌ಜಿಲ್ಲಾ ಎನ್ನುವ ಪ್ರೋಗ್ರಾಂನಲ್ಲಿ ಇಡೀ ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆದಿಡಿ. ಹಳೇ ಪ್ರೋಗ್ರಾಂಗಳ ಲೈಸೆನ್ಸ್ ಎಲ್ಲಿ ಕೂತಿರುತ್ತದೋ ಹೇಳಲಾಗದು, ಫೈಲ್ ಕಾಪಿಯಲ್ಲಿ ಅದು ಬರದೇ ಹೋಗಬಹುದು. ಇಮೇಜ್‌ನಲ್ಲಿ ಎಲ್ಲವೂ ಬರುತ್ತದೆ.

ಹಾಗೇ ಡಿಸ್ಕಿನ ಆರೋಗ್ಯವನ್ನೂ ನೋಡಿಬಿಡಿ. ಸ್ಮಾರ್ಟ್ ಎನ್ನುವ ದಾಖಲೆಯನ್ನು ಡಿಸ್ಕ್ ತಾನೇ ಬರೆದುಕೊಳ್ಳುತ್ತಿರುತ್ತದೆ. ಲಿನಕ್ಸಿನ ಡಿಸ್ಕ್ಸ್ ಪ್ರೋಗ್ರಾಂನಲ್ಲಿ ಅದು ಕಾಣುತ್ತದೆ. ಅಲ್ಲಿ ಮೂರು ಸಾಲು ನೋಡಿದರೆ ಸಾಕು. 5ನೇ ಸಂಖ್ಯೆಯದು, ಕೆಟ್ಟಿದ್ದರಿಂದ ಬದಲಾಯಿಸಿಕೊಂಡ ಸೆಕ್ಟರ್‌ಗಳು (ಡೇಟಾ ಇಡುವ ಪುಟ್ಟ ಪುಟ್ಟ ಜಾಗಗಳು). 197ನೇದು, ಓದಲು ಆಗದೆ ಕಾಯುತ್ತಿರುವ ಸೆಕ್ಟರ್‌ಗಳು. ಇವೆರಡೂ ಸೊನ್ನೆ ಇದ್ದರೆ ಒಳ್ಳೆಯದು. ಏರುತ್ತಿದ್ದರೆ ಡಿಸ್ಕ್ ನಿಜಕ್ಕೂ ಸೋಲುತ್ತಿದೆ. ಮೂರನೆಯದು 199. ಅದು ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ. ಅದೊಂದೇ ಏರುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲನ್ನು. ಈ ಲೆಕ್ಕ ಯಾವತ್ತೂ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಇವತ್ತಿನ ಸಂಖ್ಯೆ ಬರೆದಿಟ್ಟು, ಕೇಬಲ್ ಬದಲಿಸಿ, ನಾಳೆ ಮತ್ತೆ ನೋಡಿ.

ಡಿಸ್ಕಿನಿಂದ ಟಿಕ್ ಟಿಕ್ ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಪವರ್ ತೆಗೆಯಿರಿ. ಆನ್ ಇದ್ದಷ್ಟು ಹೊತ್ತೂ ಒಳಗೆ ಜಾಸ್ತಿ ಹಾಳಾಗುತ್ತದೆ. ಆ ಫೈಲ್‌ಗಳು ಅಷ್ಟು ಮುಖ್ಯವಾದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು.

ಬಯಾಸ್‌ಗೆ ಡಿಸ್ಕ್ ಕಾಣುತ್ತಿದೆಯಾ?

ಬಯಾಸ್ ಎಂದರೆ ವಿಂಡೋಸ್‌ಗಿಂತ ಮೊದಲು ನಡೆಯುವ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಪ್ರೋಗ್ರಾಂ. ಕಂಪ್ಯೂಟರ್ ಆನ್ ಆಗುತ್ತಲೇ ಡಿಲೀಟ್ ಅಥವಾ ಎಫ್2 ಒತ್ತಿ ಅದರ ಒಳಗೆ ಹೋಗಿ. ಎಚ್‌ಪಿ ಆದರೆ ಸಾಮಾನ್ಯವಾಗಿ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1. ಅಲ್ಲಿ ಡಿಸ್ಕಿನ ಹೆಸರು, ಮಾಡೆಲ್ ನಂಬರ್ ಕಾಣಬೇಕು. ಕಂಡರೆ ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಿ.

ಕಾಣದಿದ್ದರೆ ಸಾಫ್ಟ್‌ವೇರ್ ವಿಚಾರ ಆಮೇಲೆ. ಕ್ಯಾಬಿನೆಟ್ ಬಿಚ್ಚಿ. ಸಾಟಾ ಕೇಬಲ್ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಪೂರ ಕೇಬಲ್) ತೆಗೆದು ಬೇರೆ ಪೋರ್ಟಿಗೆ ಹಾಕಿ, ಬೇರೆ ಕೇಬಲ್ ಹಾಕಿ ನೋಡಿ. ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಬರುವ ಇನ್ನೊಂದು ಪವರ್ ಕನೆಕ್ಟರ್ ಬಳಸಿ. ಡಿಸ್ಕ್ ಮೇಲೆ ಬೆರಳಿಟ್ಟರೆ ತಿರುಗುವ ಸಣ್ಣ ನಡುಕ ಗೊತ್ತಾಗಬೇಕು. ಬಯಾಸ್‌ನಲ್ಲಿ ಆ ಪೋರ್ಟನ್ನೇ ಯಾರಾದರೂ ಡಿಸೇಬಲ್ ಮಾಡಿರಬಹುದು, ಅದನ್ನೂ ನೋಡಿ.

ಚಪ್ಪಟೆ ಅಗಲ ಕೇಬಲಿನ ಹಳೇ ಐಡಿಇ ಡಿಸ್ಕ್ ಆದರೆ ಜಂಪರ್ (ಡಿಸ್ಕಿನ ಪಿನ್‌ಗಳಿಗೆ ಹಾಕುವ ಪುಟ್ಟ ಟೋಪಿ) ಮುಖ್ಯ. ಒಂದೇ ಕೇಬಲಿನಲ್ಲಿ ಎರಡು ಡ್ರೈವ್ ಇದ್ದಾಗ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಲೇಬೇಕು. ಎರಡೂ ಮಾಸ್ಟರ್ ಆದರೆ ಎರಡೂ ಕಾಣದೇ ಹೋಗಬಹುದು. 80 ತಂತಿಯ ಕೇಬಲ್‌ನಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ. ವೆಸ್ಟರ್ನ್ ಡಿಜಿಟಲ್‌ನ ಹಳೇ ಡಿಸ್ಕ್‌ಗಳಲ್ಲಿ ಇನ್ನೂ ಒಂದು ವಿಷಯ ಇದೆ. ಕೇಬಲ್‌ನಲ್ಲಿ ಅದೊಂದೇ ಇದ್ದರೆ ‘ಸಿಂಗಲ್’ ಎನ್ನುವ ಬೇರೆ ಸೆಟ್ಟಿಂಗ್. ಮಾಸ್ಟರ್‌ನಲ್ಲಿ ಇಟ್ಟರೆ ಕೆಲವು ಬೋರ್ಡ್‌ಗಳು ಇಲ್ಲದ ಸ್ಲೇವ್‌ಗಾಗಿ ಕಾಯುತ್ತಾ ಕೂರುತ್ತವೆ.

ಸಾಟಾದಲ್ಲೂ ಒಂದು ಜಂಪರ್ ಕಥೆ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಪೆಂಟಿಯಂ 4 ಕಾಲದ ಕೆಲವು ಬೋರ್ಡ್‌ಗಳಲ್ಲಿ ವಿಯಾ ಕಂಪನಿಯ ವಿಟಿ8237 ಅಥವಾ ವಿಟಿ8237ಆರ್ ಚಿಪ್ ಇರುತ್ತದೆ. ಅದರ ವೇಗ ಸೆಕೆಂಡಿಗೆ 1.5 ಗಿಗಾಬಿಟ್. ಆಮೇಲೆ ಬಂದ 3 ಗಿಗಾಬಿಟ್ ಡಿಸ್ಕ್ ಹಾಕಿದರೆ ಎರಡೂ ಮಾತಾಡಿಕೊಂಡು ಕಡಿಮೆ ವೇಗಕ್ಕೆ ಒಪ್ಪಬೇಕು. ಈ ಚಿಪ್‌ಗೆ ಅದು ಬರುವುದಿಲ್ಲ. ಡಿಸ್ಕ್ ತಿರುಗುತ್ತದೆ, ಆದರೆ ಬಯಾಸ್‌ನಲ್ಲಿ ಕಾಣುವುದೇ ಇಲ್ಲ. ಡಿಸ್ಕಿನ ಹಿಂಭಾಗದ ಪಿನ್‌ಗಳಿಗೆ ಒಂದು ಜಂಪರ್ ಹಾಕಿ ಅದನ್ನು 1.5ಕ್ಕೆ ಇಳಿಸಿದರೆ ತಕ್ಷಣ ಕಾಣುತ್ತದೆ. ಯಾವ ಪಿನ್ ಎನ್ನುವುದು ಎಷ್ಟೋ ಡಿಸ್ಕ್‌ಗಳ ಸ್ಟಿಕ್ಕರ್ ಮೇಲೇ ಅಚ್ಚಾಗಿರುತ್ತದೆ. ಹಳೇ ಬೋರ್ಡಿಗೆ ‘ಹೊಸ’ ಡಿಸ್ಕ್ ಹಾಕಿ, ಅದೂ ಡೆಡ್ ಎಂದು ವಾಪಸ್ ಕೊಟ್ಟವರಿದ್ದಾರೆ.

ಬಯಾಸ್‌ಗೆ ಕಾಣುತ್ತದೆ, ಸಿಡಿಗೆ ಕಾಣುವುದಿಲ್ಲ

ಪ್ರೆಸ್ಸಿನ ಯಂತ್ರದಲ್ಲಿ ಆಗಿದ್ದು ಇದೇ. ಇದರ ಹಿಂದಿನ ಕಾರಣ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಆಗ ಮನೆ, ಆಫೀಸಿನ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ಐಡಿಇ ಡಿಸ್ಕ್. ಸಾಟಾ ಡಿಸ್ಕ್‌ಗಳ ಜೊತೆ ಮಾತಾಡುವ ಎಎಚ್‌ಸಿಐ ಎನ್ನುವ ಪದ್ಧತಿಯ ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ಅಂದರೆ ಸಿಡಿ ಬರೆದವರ ಕಾಲದಲ್ಲಿ ಆ ಪದ್ಧತಿಯೇ ಇರಲಿಲ್ಲ. 2008ರಲ್ಲಿ ಸರ್ವಿಸ್ ಪ್ಯಾಕ್ 3 ಬಂದಾಗಲೂ ಅದಕ್ಕೆ ಬೇಕಾದ ಸಾಮಾನ್ಯ ಡ್ರೈವರ್ ಸಿಡಿಗೆ ಸೇರಲಿಲ್ಲ. ವಿಸ್ಟಾದಿಂದ ಮುಂದಕ್ಕೆ ಮಾತ್ರ ಅದು ಒಳಗೇ ಬಂತು. ಹಾಗಾಗಿ ಎಕ್ಸ್‌ಪಿ ಸಿಡಿ ಎಎಚ್‌ಸಿಐ ಕಂಟ್ರೋಲರಿನ ಎದುರು ನಿಂತರೆ ಅದಕ್ಕೆ ಬಾಗಿಲೇ ಕಾಣುವುದಿಲ್ಲ. ಬಾಗಿಲ ಹಿಂದಿರುವ ಡಿಸ್ಕ್ ಹೇಗೆ ಕಾಣಬೇಕು?

ಅದಕ್ಕೆಂದೇ ಮದರ್‌ಬೋರ್ಡ್‌ನವರು ಒಂದು ಅನುಕೂಲ ಮಾಡಿದ್ದರು. ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಅದೇ ಸಾಟಾ ಕಂಟ್ರೋಲರ್ ಹಳೇ ಐಡಿಇ ಥರ ಮಾತಾಡುತ್ತದೆ. ಆಗ ಎಕ್ಸ್‌ಪಿಗೆ ತನಗೆ ಗೊತ್ತಿರುವ ಭಾಷೆ ಕೇಳಿಸುತ್ತದೆ, ಡಿಸ್ಕ್ ಸಿಗುತ್ತದೆ.

ಲಿನಕ್ಸ್ ಪೆನ್ ಡ್ರೈವ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶ ಕೊಟ್ಟು, ಜೊತೆಗೆ ‘-ಎನ್‌ಎನ್’ ಸೇರಿಸಿ. ಪ್ರತಿ ಸಾಧನದ ಮುಂದೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಕಂಪನಿ, 8086 ಎಂದರೆ ಇಂಟೆಲ್. ಎರಡನೆಯದು ಸಾಧನ. ಚಿಕ್ಕಪ್ಪನದು ಎಚ್61 ಚಿಪ್‌ಸೆಟ್ಟಿನ ಬೋರ್ಡು. ನಾನು ಹೋದ ದಿನ ಅದರ ಸಾಟಾ ಕಂಟ್ರೋಲರ್ ತೋರಿಸಿದ್ದು 8086:1ಸಿ02. ಅದು ಎಎಚ್‌ಸಿಐ ಮೋಡಿನ ಗುರುತು. ಬಯಾಸ್‌ನಲ್ಲಿ ಐಡಿಇಗೆ ಹಾಕಿ ಮತ್ತೆ ನೋಡಿದಾಗ ಅದೇ ಚಿಪ್ 8086:1ಸಿ00 ಎಂದು ಹೆಸರು ಹೇಳಿತು. ಚಿಪ್ ಒಂದೇ, ಮೋಡಿಗೆ ತಕ್ಕ ಹಾಗೆ ಬೇರೆ ಹೆಸರು. ವಿಂಡೋಸ್ ಡ್ರೈವರ್ ಹುಡುಕುವುದು ಈ ಹೆಸರು ನೋಡಿಯೇ. ಇದನ್ನು ತಿಳಿದ ಮೇಲೆ ಎಕ್ಸ್‌ಪಿ ಮೇಲಿನ ನನ್ನ ಸಿಟ್ಟೇ ಹೋಯಿತು. ಪಾಪ, ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಅದು ಎಲ್ಲಿಂದ ತರಬೇಕು?

ಈಗ ಸೆಟ್ಟಿಂಗ್ ಎಲ್ಲಿರುತ್ತದೆ ಎನ್ನುವುದು. ಬೋರ್ಡಿನಿಂದ ಬೋರ್ಡಿಗೆ ಹೆಸರು ಬೇರೆ. ‘ಸಾಟಾ ಮೋಡ್’, ‘ಸಾಟಾ ಆಪರೇಷನ್’, ‘ಕಾನ್ಫಿಗರ್ ಸಾಟಾ ಆ್ಯಸ್’, ‘ಆನ್‌ಚಿಪ್ ಸಾಟಾ ಟೈಪ್’ ಎಂದೆಲ್ಲ ಇರಬಹುದು. ಆಯ್ಕೆಗಳು ಐಡಿಇ, ಎಎಚ್‌ಸಿಐ, ರೇಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವುದು). ಬೇಕಾದ್ದು ಐಡಿಇ. ಥಿಂಕ್‌ಪ್ಯಾಡ್‌ಗಳಲ್ಲಿ ಐಡಿಇ ಎಂದು ಇರುವುದಿಲ್ಲ, ‘ಕಂಪ್ಯಾಟಿಬಿಲಿಟಿ’ ಎಂದಿರುತ್ತದೆ. ಎಚ್‌ಪಿಯ ಹಲವು ಲ್ಯಾಪ್‌ಟಾಪ್‌ಗಳಲ್ಲಿ ‘ಸಾಟಾ ನೇಟಿವ್ ಮೋಡ್’ ಎಂದಿದ್ದು, ಅದನ್ನು ಡಿಸೇಬಲ್ ಮಾಡಬೇಕು. ಡೆಲ್‌ನಲ್ಲಿ ‘ಎಟಿಎ’ ಎಂದು ಸಿಕ್ಕರೆ ಅದೇ ನಿಮಗೆ ಬೇಕಾದ್ದು. ಬದಲಿಸಿ, ಎಫ್10 ಒತ್ತಿ ಸೇವ್ ಮಾಡಿ, ಸಿಡಿ ಹಾಕಿ.

ಎಚ್ಚರಿಕೆ ಒಂದೇ. ಅದೇ ಯಂತ್ರದಲ್ಲಿ ವಿಂಡೋಸ್ 7 ಅಥವಾ 10 ಎಎಚ್‌ಸಿಐನಲ್ಲಿ ಕೂತಿದ್ದರೆ, ಮೋಡ್ ಬದಲಿಸಿದ ಮೇಲೆ ಅದು ಬೂಟ್ ಆಗದೇ ಇರಬಹುದು. ಗಾಬರಿ ಬೇಡ. ಹಳೇ ಮೋಡಿಗೆ ವಾಪಸ್ ಹಾಕಿದರೆ ಎದ್ದು ಬರುತ್ತದೆ.

ಹಾಗಾದರೆ ಹನ್ನೆರಡು ವರ್ಷ ನಡೆದ ಎಕ್ಸ್‌ಪಿಗೆ ಒಂದೇ ರಾತ್ರಿಯಲ್ಲಿ ಏನಾಯಿತು? ಬಯಾಸ್ ಒಳಗೆ ಹೋದಾಗ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸುತ್ತಿತ್ತು. ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್ 2032 ಸೆಲ್ ಸತ್ತುಹೋಗಿತ್ತು. ಪ್ಲಗ್‌ಗೆ ಕರೆಂಟು ಬರುತ್ತಿರುವವರೆಗೆ, ಕಂಪ್ಯೂಟರ್ ಆಫ್ ಇದ್ದರೂ, ಎಸ್‌ಎಂಪಿಎಸ್ ಸ್ವಲ್ಪ ಕರೆಂಟು ಕೊಟ್ಟು ಸೆಟ್ಟಿಂಗ್‌ಗಳನ್ನು ಉಳಿಸುತ್ತಿತ್ತು. ಅದಕ್ಕೇ ಸೆಲ್ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಇಡೀ ದಿನ ಕರೆಂಟು ಹೋದಾಗ ಬಯಾಸ್ ಎಲ್ಲ ಮರೆತು ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಯಿತು. ಆ ಬೋರ್ಡಿನಲ್ಲಿ ಅದು ಎಎಚ್‌ಸಿಐ, ಎಕ್ಸ್‌ಪಿ ಅಲ್ಲಿಯವರೆಗೆ ನಡೆದದ್ದು ಐಡಿಇಯಲ್ಲಿ. ಬೆಳಿಗ್ಗೆ ‘ಚೆಕ್‌ಸಮ್ ಎರರ್, ಎಫ್1 ಒತ್ತಿ’ ಎಂದು ಬಂದಿತ್ತಂತೆ. ಚಿಕ್ಕಪ್ಪ ಎಫ್1 ಒತ್ತಿ ಮುಂದೆ ಹೋಗಿದ್ದರು. ಆಮೇಲೆ ಬಂದದ್ದು ನೀಲಿ ಪರದೆ, ಕೊನೆಯಲ್ಲಿ 7ಬಿ ಎನ್ನುವ ಕೋಡ್.

ಆ 7ಬಿಯನ್ನು ನೆನಪಿಡಿ. ಅದರ ಅರ್ಥ, ಬೂಟ್ ಆಗಬೇಕಾದ ಡಿಸ್ಕನ್ನು ವಿಂಡೋಸ್‌ಗೆ ಮುಟ್ಟಲು ಆಗುತ್ತಿಲ್ಲ ಎಂದು. ನಿನ್ನೆವರೆಗೆ ನಡೆಯುತ್ತಿದ್ದ ಎಕ್ಸ್‌ಪಿಯಲ್ಲಿ ಅದು ಬಂದು, ಜೊತೆಗೆ ಗಡಿಯಾರವೂ ಹಿಂದಕ್ಕೆ ಹೋಗಿದ್ದರೆ, ಬೇರೆ ಏನೂ ಮಾಡುವ ಮುನ್ನ ಬಯಾಸ್‌ನ ಸಾಟಾ ಮೋಡ್ ನೋಡಿ.

ಐಡಿಇ ಆಯ್ಕೆಯೇ ಇಲ್ಲದಿದ್ದರೆ

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆ ಕೊಟ್ಟೇ ಇರುವುದಿಲ್ಲ. ಆಗ ಡ್ರೈವರನ್ನು ಸೆಟಪ್‌ನ ಕೈಗೆ ನಾವೇ ಕೊಡಬೇಕು. ಎರಡು ದಾರಿ ಇವೆ.

ಹಳೇ ದಾರಿ ಫ್ಲಾಪಿ. ಸಿಡಿ ಬೂಟ್ ಆದ ಕೂಡಲೇ ನೀಲಿ ಪರದೆಯ ಅಡಿಯಲ್ಲಿ, ಬೇರೆ ಕಂಪನಿಯ ಸ್ಕಸಿ ಅಥವಾ ರೇಡ್ ಡ್ರೈವರ್ ಬೇಕಿದ್ದರೆ ಎಫ್6 ಒತ್ತಿ ಎಂದು ಕೆಲವೇ ಸೆಕೆಂಡ್ ಕಾಣುತ್ತದೆ. ಆಗಲೇ ಒತ್ತಬೇಕು. ಒತ್ತಿದ ತಕ್ಷಣ ಏನೂ ಆಗುವುದಿಲ್ಲ. ಇಲ್ಲೇ ಎಷ್ಟೋ ಜನ ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಕಾಯಿರಿ. ಫೈಲ್‌ಗಳೆಲ್ಲ ಲೋಡ್ ಆದ ಮೇಲೆ ಇನ್ನೊಂದು ಪರದೆ ಬಂದು ಎಸ್ ಒತ್ತಲು ಹೇಳುತ್ತದೆ. ಆಗ ಫ್ಲಾಪಿ ಹಾಕಿ. ‘ಟಿಎಕ್ಸ್‌ಟಿಸೆಟಪ್.ಒಇಎಂ’ ಎನ್ನುವ ಫೈಲ್ ಫ್ಲಾಪಿಯಲ್ಲಿ ಯಾವ ಫೋಲ್ಡರಿನ ಒಳಗೂ ಇರಬಾರದು, ನೇರ ಮೇಲೆಯೇ ಇರಬೇಕು. ಇಲ್ಲದಿದ್ದರೆ ಸೆಟಪ್ ಅದನ್ನು ಹುಡುಕುವುದೇ ಇಲ್ಲ. ಪಾರ್ಟಿಷನ್ ಫಾರ್ಮ್ಯಾಟ್ ಆಗಿ ಫೈಲ್‌ಗಳು ಕಾಪಿ ಆಗುವವರೆಗೂ ಫ್ಲಾಪಿ ಒಳಗೇ ಇರಲಿ, ಸೆಟಪ್ ಅದನ್ನು ಎರಡನೇ ಸಲ ಓದುತ್ತದೆ. ರೀಸ್ಟಾರ್ಟ್ ಆಗುವಾಗ ತೆಗೆಯಿರಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು: ಎಕ್ಸ್‌ಪಿ ಸೆಟಪ್ ತನ್ನ ಪಟ್ಟಿಯಲ್ಲಿರುವ ಕೆಲವೇ ಮಾಡೆಲ್‌ಗಳನ್ನು ಒಪ್ಪುತ್ತದೆ, ಎಲ್ಲವನ್ನೂ ಅಲ್ಲ.

ನಾನು ಬಳಸುವುದು ಎರಡನೇ ದಾರಿ: ಡ್ರೈವರನ್ನು ಸಿಡಿಯ ಒಳಗೇ ಸೇರಿಸಿ ಹೊಸ ಸಿಡಿ ಬರೆಯುವುದು. ಅದಕ್ಕೆ ಎನ್‌ಲೈಟ್ ಎನ್ನುವ ಪುಟ್ಟ ಪ್ರೋಗ್ರಾಂ ಇದೆ. ನಿಮ್ಮ ಎಕ್ಸ್‌ಪಿ ಸಿಡಿಯನ್ನು ಒಂದು ಫೋಲ್ಡರಿಗೆ ಕಾಪಿ ಮಾಡಿ, ಎನ್‌ಲೈಟ್‌ಗೆ ಆ ಫೋಲ್ಡರ್ ತೋರಿಸಿ. ಸರ್ವಿಸ್ ಪ್ಯಾಕ್ 3 ಇಲ್ಲದ ಸಿಡಿಯಾದರೆ ಅದನ್ನೂ ಆಗಲೇ ಸೇರಿಸಿ. ಆಮೇಲೆ ಡ್ರೈವರ್ ಸೇರಿಸಿ, ಬೂಟ್ ಆಗುವ ಐಎಸ್‌ಒ (ಇಡೀ ಸಿಡಿ ಇರುವ ಒಂದೇ ಫೈಲ್) ಮಾಡಿ, ಕಡಿಮೆ ವೇಗದಲ್ಲಿ ಸಿಡಿಗೆ ಬರೆಯಿರಿ.

ಕಷ್ಟ ಇರುವುದು ಸರಿಯಾದ ಡ್ರೈವರ್ ಹುಡುಕುವುದರಲ್ಲಿ. ಮೇಲೆ ಹೇಳಿದ ಎರಡು ಸಂಖ್ಯೆ ಇಲ್ಲೇ ಕೈಹಿಡಿಯುವುದು. 8086:2829 ಎಂದರೆ ಐಸಿಎಚ್8 ಲ್ಯಾಪ್‌ಟಾಪ್ ಚಿಪ್‌ನ ಎಎಚ್‌ಸಿಐ. 8086:2929 ಎಂದರೆ ಐಸಿಎಚ್9 ಲ್ಯಾಪ್‌ಟಾಪ್ ಚಿಪ್‌ನದ್ದು. ಡ್ರೈವರ್ ಜೊತೆ ಬರುವ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನಿಮ್ಮ ಸಂಖ್ಯೆ ಇದೆಯಾ ಎಂದು ಹುಡುಕಿ. ಇದ್ದರೆ ಡ್ರೈವರ್ ಸರಿಯಾದದ್ದು. ಇಲ್ಲದಿದ್ದರೆ ಎಷ್ಟು ಸಲ ಸೇರಿಸಿದರೂ ಕೆಲಸ ಮಾಡುವುದಿಲ್ಲ. ಐದು ನಿಮಿಷದ ಈ ಕೆಲಸ ಮಾಡದೆ ಐದು ಸಿಡಿ ಹಾಳು ಮಾಡುವುದು ಬೇಡ. ಇಂಟೆಲ್ ಬೋರ್ಡುಗಳಿಗೆ ಆ ಕಂಪನಿಯ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್‌ನ ಹಳೇ ಆವೃತ್ತಿ ಬೇಕು. ಎಚ್61ನಂಥ 6ನೇ ಸರಣಿಯ ಚಿಪ್‌ಸೆಟ್‌ಗಳಿಗೆ 10ನೇ ಆವೃತ್ತಿಯ ಡ್ರೈವರ್ ಎಕ್ಸ್‌ಪಿಯಲ್ಲಿ ನಡೆಯುತ್ತದೆ. ಎಫ್6 ಫ್ಲಾಪಿಗೆಂದು ಬಿಟ್ಟ ಜಿಪ್ ಫೈಲ್ ತೆಗೆದುಕೊಳ್ಳಿ, ಇನ್‌ಸ್ಟಾಲ್ ಮಾಡುವ ಇಎಕ್ಸ್‌ಇ ಅಲ್ಲ. 32 ಬಿಟ್ ಎಕ್ಸ್‌ಪಿಗೆ 32 ಬಿಟ್‌ನದ್ದೇ ಬೇಕು.

ಎನ್‌ಲೈಟ್ ‘ಟೆಕ್ಸ್ಟ್‌ಮೋಡ್ ಡ್ರೈವರ್’ ಅಥವಾ ‘ಪಿಎನ್‌ಪಿ ಡ್ರೈವರ್’ ಎಂದು ಕೇಳಿದಾಗ ಟೆಕ್ಸ್ಟ್‌ಮೋಡ್ ಆಯ್ದುಕೊಳ್ಳಿ. ಎಕ್ಸ್‌ಪಿ ಸೆಟಪ್‌ಗೆ ಎರಡು ಹಂತ ಇವೆ ಅಲ್ವಾ, ಬರೀ ಅಕ್ಷರಗಳ ನೀಲಿ ಪರದೆ ಮತ್ತು ಆಮೇಲಿನ ಮೌಸ್ ಇರುವ ಪರದೆ. ಡಿಸ್ಕ್ ಬೇಕಾಗುವುದು ಮೊದಲ ಹಂತದಲ್ಲೇ. ಪಿಎನ್‌ಪಿ ಎಂದು ಸೇರಿಸಿದ ಡ್ರೈವರ್ ಸಿಗುವುದು ಎರಡನೇ ಹಂತಕ್ಕೆ. ಅಷ್ಟರಲ್ಲಿ ಸೆಟಪ್ ನಿಂತುಹೋಗಿರುತ್ತದೆ. ಮುಂದೆ ಬರುವ ಪಟ್ಟಿಯಲ್ಲಿ ನಿಮ್ಮ ಚಿಪ್‌ಸೆಟ್ಟಿನ ಎಎಚ್‌ಸಿಐ ಸಾಲನ್ನು ಮಾತ್ರ ಆರಿಸಿ. ಲ್ಯಾಪ್‌ಟಾಪ್ ಆದರೆ ಹೆಸರಿನಲ್ಲಿ ‘ಮೊಬೈಲ್’ ಎಂದಿರುತ್ತದೆ.

ಡಿಸ್ಕ್ ಕಾಣುತ್ತದೆ, ಆದರೆ ಅಳತೆ ಸರಿ ಇಲ್ಲ

320 ಜಿಬಿ ಡಿಸ್ಕನ್ನು ಸೆಟಪ್ ಸುಮಾರು 1,31,000 ಎಂಬಿ ಎಂದು ತೋರಿಸಿದರೆ ನಿಮ್ಮ ಕೈಯಲ್ಲಿರುವುದು ತೀರಾ ಹಳೇ ಸಿಡಿ. ಮೊದಲ ಎಕ್ಸ್‌ಪಿ ಸೆಕ್ಟರ್‌ಗಳ ವಿಳಾಸವನ್ನು 28 ಬಿಟ್‌ನಲ್ಲಿ ಬರೆಯುತ್ತಿತ್ತು. ಸೆಕ್ಟರಿಗೆ 512 ಬೈಟ್‌ನಂತೆ ಲೆಕ್ಕ ಹಾಕಿದರೆ ಅದು 137 ಜಿಬಿಗೆ ಮುಗಿಯುತ್ತದೆ. 2002ರ ಸರ್ವಿಸ್ ಪ್ಯಾಕ್ 1ರಿಂದ ಇದು ಸರಿಯಾಯಿತು. ಹಳೇ ಸಿಡಿಯಲ್ಲೇ ಮುಂದುವರಿಯಬೇಡಿ. ಮೊದಲೇ ತುಂಬಿದ ದೊಡ್ಡ ಪಾರ್ಟಿಷನ್ ಇದ್ದರೆ ಮಿತಿ ದಾಟಿದ ಬರಹ ಡಿಸ್ಕಿನ ಮೊದಲ ಭಾಗಕ್ಕೇ ಬಂದು ಬಿದ್ದು ಫೈಲ್‌ಗಳು ಹಾಳಾಗಬಹುದು.

ಹೊಸ ವಿಂಡೋಸಿನಲ್ಲಿ ಬಳಸಿದ್ದ ಡಿಸ್ಕ್ ಆದರೆ ಅದರ ಪಾರ್ಟಿಷನ್‌ಗಳ (ಡಿಸ್ಕಿನ ಭಾಗಗಳ) ಪಟ್ಟಿ ಜಿಪಿಟಿ ಎನ್ನುವ ಹೊಸ ಪದ್ಧತಿಯಲ್ಲಿರಬಹುದು. 32 ಬಿಟ್ ಎಕ್ಸ್‌ಪಿಗೆ ಅದು ಓದಲು ಬರುವುದಿಲ್ಲ. ಎಂಬಿಆರ್ ಎನ್ನುವ ಹಳೇ ಪದ್ಧತಿಗೆ ತಿರುಗಿಸಬೇಕು. ಬೇರೆ ಕಂಪ್ಯೂಟರಿನಲ್ಲಿ ವಿಂಡೋಸಿನ ಡಿಸ್ಕ್‌ಪಾರ್ಟ್ ಪ್ರೋಗ್ರಾಂ ತೆರೆದು ‘ಲಿಸ್ಟ್ ಡಿಸ್ಕ್’, ‘ಸೆಲೆಕ್ಟ್ ಡಿಸ್ಕ್’, ‘ಕ್ಲೀನ್’, ‘ಕನ್ವರ್ಟ್ ಎಂಬಿಆರ್’ ಎಂಬ ಕ್ರಮದಲ್ಲಿ ಕೊಡಿ. ‘ಕ್ಲೀನ್’ ಕೊಟ್ಟರೆ ಆ ಡಿಸ್ಕಿನ ಪಾರ್ಟಿಷನ್‌ಗಳೆಲ್ಲ ಹೋಗುತ್ತವೆ, ಒಳಗಿನ ಫೈಲ್‌ಗಳೂ ಕೈತಪ್ಪುತ್ತವೆ. ಎಂಟರ್ ಒತ್ತುವ ಮೊದಲು ಡಿಸ್ಕಿನ ನಂಬರನ್ನೂ ಅಳತೆಯನ್ನೂ ಎರಡು ಸಲ ನೋಡಿ. ಬೇರೆ ಡಿಸ್ಕ್ ಆಯ್ದುಬಿಟ್ಟರೆ ತುಂಬಾ ನೋವಾಗುತ್ತದೆ. ಎಂಬಿಆರ್‌ನ ಮಿತಿ ಸುಮಾರು 2.2 ಟಿಬಿ, ಅದಕ್ಕಿಂತ ದೊಡ್ಡ ಡಿಸ್ಕ್ ಎಕ್ಸ್‌ಪಿಗೆ ಬೇಡ.

ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಹೊಸ ಬಗೆಯ ಡಿಸ್ಕ್) ಹಾಕುವವರಿಗೆ ಒಂದು ಮಾತು. ಎಕ್ಸ್‌ಪಿ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. 4 ಕೆಬಿ ಲೆಕ್ಕದಲ್ಲಿ ಕೆಲಸ ಮಾಡುವ ಹೊಸ ಡಿಸ್ಕ್‌ಗಳಿಗೆ ಅದು ಹೊಂದುವುದಿಲ್ಲ, ನಿಧಾನ ಆಗುತ್ತದೆ. ಲಿನಕ್ಸಿನ ಜಿಪಾರ್ಟೆಡ್‌ನಲ್ಲಿ ಮೊದಲೇ ಪಾರ್ಟಿಷನ್ ಮಾಡಿಟ್ಟರೆ ಅದು 2048ರಿಂದ ಶುರುವಾಗುತ್ತದೆ. ಎಕ್ಸ್‌ಪಿಯನ್ನು ಅದರಲ್ಲೇ ಹಾಕಿ, ಸೆಟಪ್‌ನಲ್ಲಿ ಅಳಿಸಿ ಮತ್ತೆ ಮಾಡಲು ಹೋಗಬೇಡಿ.

ಪೆನ್ ಡ್ರೈವ್‌ನಿಂದ ಹಾಕುವವರಿಗೆ

ಎಕ್ಸ್‌ಪಿಯನ್ನು ಪೆನ್ ಡ್ರೈವ್‌ನಿಂದ ಹಾಕಲೆಂದು ಮಾಡಿಲ್ಲ. ದಾರಿಗಳಿವೆ, ಆದರೆ ಎರಡು ತೊಂದರೆ ಬರುತ್ತವೆ. ಒಂದು, ಸೆಟಪ್‌ನ ನಡುವೆ 7ಬಿ. ಇನ್ನೊಂದು, ಪೆನ್ ಡ್ರೈವ್ ಮೊದಲ ಡಿಸ್ಕ್ ಎಂದು ಲೆಕ್ಕವಾಗಿ ಬೂಟ್ ಫೈಲ್‌ಗಳು ಅದರ ಮೇಲೆ ಹೋಗಿ ಕೂರುವುದು. ಆಮೇಲೆ ಪೆನ್ ಡ್ರೈವ್ ತೆಗೆದರೆ ‘ಹಾಲ್.ಡಿಎಲ್‌ಎಲ್ ಇಲ್ಲ’ ಎಂಬ ಸಂದೇಶ ಬರಬಹುದು. ಆ ಫೈಲ್ ನಿಜಕ್ಕೂ ಇಲ್ಲ ಎಂದಲ್ಲ. ಬೂಟ್.ಐಎನ್‌ಐ ಒಳಗೆ ‘ಆರ್‌ಡಿಸ್ಕ್’ ಸಂಖ್ಯೆ 1 ಎಂದಿರುತ್ತದೆ, 0 ಆಗಬೇಕು. ಸಿಡಿ ಡ್ರೈವ್ ಇದ್ದರೆ ಸುಮ್ನೆ ಸಿಡಿಯನ್ನೇ ಬಳಸಿ.

ವಿಂಡೋಸ್ 7 ಆದರೆ

ಇದರಲ್ಲಿ ಎಎಚ್‌ಸಿಐ ಡ್ರೈವರ್ ಒಳಗೇ ಇದೆ, ಆ ತಲೆನೋವಿಲ್ಲ. ತೊಂದರೆ ಬರುವುದು ಎಎಚ್‌ಸಿಐ ಬದಲು ಎನ್‌ವಿಎಂಇ ಎನ್ನುವ ಹೊಸ ಪದ್ಧತಿಯಲ್ಲಿ ಮಾತಾಡುವ ಎಸ್‌ಎಸ್‌ಡಿಯಲ್ಲಿ. 2009ರ ಸಿಡಿಗೆ ಅದು ಗೊತ್ತಿಲ್ಲ. ಮೈಕ್ರೋಸಾಫ್ಟ್ ಆಮೇಲೆ ಕೊಟ್ಟ ಕೆಬಿ2990941 ಎಂಬ ತೇಪೆಯನ್ನು ಇನ್‌ಸ್ಟಾಲ್ ಫೈಲ್‌ಗಳಿಗೆ ಸೇರಿಸಿಕೊಳ್ಳಬೇಕು. ಇನ್ನೊಂದು, ‘ಸಿಡಿ ಡಿವಿಡಿ ಡ್ರೈವರ್ ಇಲ್ಲ’ ಎಂದು ಬರುವ ಸಂದೇಶ. ಅದು ಹೆಚ್ಚಾಗಿ ಪೆನ್ ಡ್ರೈವನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದ್ದರಿಂದ. ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟಿಗೆ ಹಾಕಿ ನೋಡಿ.

ಎಎಚ್‌ಸಿಐಗೆ ಬದಲಿಸಲೇಬೇಕು ಎನ್ನುವವರು ಡ್ರೈವರನ್ನು ಮೊದಲೇ ಎಬ್ಬಿಸಿಟ್ಟು, ಆಮೇಲೆ ಬಯಾಸ್ ಮುಟ್ಟಬೇಕು. ವಿಂಡೋಸ್ 7ರಲ್ಲಿ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಸರ್ವಿಸಸ್ ಕೆಳಗೆ ‘ಎಂಎಸ್‌ಎಎಚ್‌ಸಿಐ’ ಎನ್ನುವುದರಲ್ಲಿ ‘ಸ್ಟಾರ್ಟ್’ ಬೆಲೆಯನ್ನು 0 ಮಾಡಿ, ಆಫ್ ಮಾಡಿ, ಮೋಡ್ ಬದಲಿಸಿ. ಎಕ್ಸ್‌ಪಿಯಲ್ಲಿ ಇದು ಇಷ್ಟು ಸಲೀಸಲ್ಲ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಟೈಪ್ ಮಾಡಿ ಪ್ರಿಂಟ್ ಕೊಡುವ ಕೆಲಸಕ್ಕೆ ಐಡಿಇ ಮೋಡೇ ಧಾರಾಳ ಸಾಕು.

ಹಳೇ ಪ್ರೋಗ್ರಾಂಗೆ ಹಾರ್ಡ್‌ವೇರ್ ಲಾಕ್ ಏನೂ ಇಲ್ಲದಿದ್ದರೆ ಎಕ್ಸ್‌ಪಿಯನ್ನು ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ಪ್ರೋಗ್ರಾಂ) ಒಳಗೆ ಹಾಕುವುದು ಇನ್ನೂ ಸುಲಭ. ಅಲ್ಲೂ ಡಿಸ್ಕನ್ನು ಸಾಟಾ ಕಂಟ್ರೋಲರಿಗೆ ಜೋಡಿಸಿದರೆ ಇದೇ ‘ಡಿಸ್ಕ್ ಇಲ್ಲ’ ಸಂದೇಶ ಬರುತ್ತದೆ. ಐಡಿಇ ಕಂಟ್ರೋಲರಿಗೆ ಹಾಕಿದರೆ ಸರಿಹೋಗುತ್ತದೆ. ಎಲ್ಲೇ ಹಾಕಿದರೂ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ. ಅದಕ್ಕೆ ಭದ್ರತಾ ಅಪ್‌ಡೇಟ್‌ಗಳು 2014ರ ಏಪ್ರಿಲ್ 8ಕ್ಕೆ ನಿಂತವು.

ಪ್ರೆಸ್ಸಿನ ಯಂತ್ರಕ್ಕೆ ಅವತ್ತು ಒಂದು ಹೊಸ ಸಿಆರ್ 2032 ಸೆಲ್ ಹಾಕಿದೆವು. ಬಯಾಸ್‌ನಲ್ಲಿ ತಾರೀಕು ಸರಿಮಾಡಿ, ಸಾಟಾ ಮೋಡನ್ನು ಐಡಿಇಗೆ ಇಟ್ಟು ಸೇವ್ ಮಾಡಿದೆ. ಎಕ್ಸ್‌ಪಿ ಮೊದಲಿನ ಹಾಗೇ ಎದ್ದು ಬಂತು, ಮತ್ತೆ ಇನ್‌ಸ್ಟಾಲ್ ಮಾಡುವ ಪ್ರಶ್ನೆಯೇ ಬರಲಿಲ್ಲ. ಚಿಕ್ಕಪ್ಪ ಪೇಜ್‌ಮೇಕರ್ ತೆರೆದು ಅರ್ಧಕ್ಕೆ ನಿಂತಿದ್ದ ಲಗ್ನಪತ್ರಿಕೆಯನ್ನು ನೋಡಿದರು. ನಾನು ಒಂದು ಬಿಳಿ ಸ್ಟಿಕ್ಕರ್ ಮೇಲೆ ‘ಸಾಟಾ ಮೋಡ್: ಐಡಿಇ’ ಎಂದು ಬರೆದು, ಸೆಲ್ ಹಾಕಿದ ತಾರೀಕನ್ನೂ ಸೇರಿಸಿ ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸಿದೆ. ಇಡೀ ಡಿಸ್ಕಿನ ಇಮೇಜ್ ಈಗ ಎರಡು ಕಡೆ ಇದೆ, ಒಂದು ಪ್ರೆಸ್ಸಿನಲ್ಲಿ, ಇನ್ನೊಂದು ನಮ್ಮ ಮನೆಯಲ್ಲಿ.